ದ್ವೀಪದ ದಾರಿಯ ಬಿಳಿಯ ಕಂಬ

ಅಕ್ಟೋಬರ್ ೨, ಸೋಮವಾರ. ಶುಕ್ಲಪಕ್ಷದ ಪಾಡ್ಯ

ಅಳತೆಗೆ ಸಿಕ್ಕದ ಸಾಗರಕ್ಕೆ ದಡವೆಂಬ ಮರ್ಯಾದೆಯನ್ನು ವಿಧಿಸಿ, ಅದರ ಏರಿಳಿತವನ್ನು ಚಂದ್ರನ ಕೈಗೆ ಒಪ್ಪಿಸಿದ ಸರ್ವೇಶ್ವರನಿಗೆ ಮೊದಲ ನಮಸ್ಕಾರ. ಅಕ್ಷರವೆಂಬ ಊರುಗೋಲನ್ನು ಕೈಗಿತ್ತು ಎಪ್ಪತ್ತಾರು ವರ್ಷ ಎಡವದಂತೆ ನಡೆಸಿದ ಗುರುಗಳಿಗೆ ಎರಡನೆಯ ನಮಸ್ಕಾರ. ಈ ದಿನ ಬೆಳಗಿನ ಒಂಬತ್ತು ಗಂಟೆಗೆ ಒಂದು ಗ್ರಂಥರಚನೆಯ ಭಾರವನ್ನು ನಾನು ಹೆಗಲಿಗೇರಿಸಿಕೊಂಡೆನೆಂಬುದನ್ನು ಸಾವಧಾನಚಿತ್ತನಾಗಿ ಇಲ್ಲಿ ದಾಖಲಿಸುತ್ತೇನೆ.

ಪ್ರಸಂಗ ಹೀಗಿದೆ. ಕಡಲತಡಿಯ ದೊಡ್ಡ ಹೋಟೆಲಿನ ಮೇನೇಜರಮ್ಮ ತಾವಾಗಿಯೇ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದರು: "ಮೇಷ್ಟ್ರೇ, ನಮ್ಮಲ್ಲಿಗೆ ಬರೋರು ಮೂರು ದಿನ ಈಜುಕೊಳದ ಪಕ್ಕ ಮಲಗಿ ಎದ್ದು ವಾಪಸ್ ಹೋಗ್ತಾರೆ. ಸುತ್ತಮುತ್ತ ನೋಡೋಕೆ ಏನಿದೆ ಅಂತ ಕೇಳಿದ್ರೆ ನಮ್ಮ ಸಿಬ್ಬಂದಿ ಅಂಗಡಿ ಬೀದಿ ತೋರಿಸ್ತಾರೆ. ನೀವೊಂದು ಪುಸ್ತಕ ಬರೆದುಕೊಡಿ. ಯಾವ ಜಾಗ, ಎಷ್ಟು ದೂರ, ಹೇಗೆ ಹೋಗ್ಬೇಕು, ಎಲ್ಲಿ ಹುಷಾರಾಗಿರ್ಬೇಕು, ಅಷ್ಟು. ಈ ದಡಾನ ನಿಮ್ಮಷ್ಟು ನಡೆದೋರು ಯಾರೂ ಇಲ್ವಂತೆ."

ಈ ಮಾತು ಸತ್ಯವಾದ್ದರಿಂದ ನಾನು ನಿರಾಕರಿಸಲಿಲ್ಲ.

ಆಕೆ ಇನ್ನೊಂದು ಮಾತು ಸೇರಿಸಿದರು. ಎದುರಿನ ದ್ವೀಪಕ್ಕೆ ಇಳಿತದ ಹೊತ್ತಿನಲ್ಲಿ ಮರಳುದಿಣ್ಣೆಯ ಮೇಲೆ ನಡೆದೇ ಹೋಗಬಹುದಷ್ಟೆ? ಹೋದ ವರ್ಷ ಇಬ್ಬರು ಅತಿಥಿಗಳು ಹೊತ್ತು ತಿಳಿಯದೆ, ದಾರಿ ತಿಳಿಯದೆ ಏರುನೀರಿನಲ್ಲಿ ಸಿಕ್ಕಿಬಿದ್ದಿದ್ದರು. ದೋಣಿಯವರು ಎಳೆದು ತಂದರು. "ಇನ್ನೊಂದು ಸಲ ಹಾಗಾದ್ರೆ ಆ ದಾರಿಗೆ ಬೇಲಿ ಹಾಕಿಸಿಬಿಡ್ತೀನಿ ಮೇಷ್ಟ್ರೇ. ಪುಸ್ತಕದಲ್ಲಿ ಒಂದು ಸಾಲು ತಪ್ಪಿದ್ರೂ ಜೀವದ ಪ್ರಶ್ನೆ."

ನಾನು ಎದ್ದು ನಿಂತು ಹೇಳಿದೆ: "ಕಣ್ಣಾರೆ ಕಾಣದ ಒಂದು ಸಂಗತಿಯನ್ನೂ ಬರೆಯೆನು. ಗ್ರಂಥದ ಮೊದಲ ವಾಕ್ಯವೇ ಅದಾಗಿರುತ್ತದೆ."

ಪುಸ್ತಕ ಇಪ್ಪತ್ತನೆಯ ತಾರೀಖು ಅಚ್ಚಿಗೆ ಹೋಗಬೇಕು. ನವೆಂಬರ್ ಒಂದರಂದು ಹೋಟೆಲಿನ ಹಂಗಾಮು ಆರಂಭ. ಸ್ಥಳಗಳನ್ನು ಮತ್ತೊಮ್ಮೆ ನೋಡಿ ಬರಲು ಹೋಟೆಲಿನ ವ್ಯಾನು ಕೊಡುತ್ತಾರೆ. ವ್ಯಾನಿನ ಜೊತೆಗೆ ಅದರ ಚಾಲಕಿಯೂ ಬರುತ್ತಾಳೆ. ಚಾಲಕಿಯೆಂದರೆ ನನ್ನ ಸೊಸೆ. ಮಗನು ಸರಕು ಹಡಗಿನ ಯಂತ್ರದ ಕೋಣೆಯಲ್ಲಿ ಕೆಲಸಕ್ಕಿದ್ದು, ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆಯೇ ಕಳೆಯುತ್ತಾನೆ. ಈಕೆ ದೋಣಿಯವರ ಮನೆಯ ಮಗಳು. ಓದಿನಲ್ಲಿ ಆಸಕ್ತಿ ಕಡಿಮೆ, ಹಾರ್ನಿನಲ್ಲಿ ಹೆಚ್ಚು. ನಾನು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸವನ್ನೂ ಮೇನೇಜರಮ್ಮ ಅವಳಿಗೇ ವಹಿಸಿದ್ದಾರೆ. ಇರಲಿ, ಮಹತ್ಕಾರ್ಯಗಳಲ್ಲಿ ಇಂಥ ಸಣ್ಣ ಅನಾನುಕೂಲಗಳು ಸಹಜ.

ಮನೆಯಾಕೆ ಅಡುಗೆಮನೆಯಿಂದಲೇ ಅಂದಳು: "ಇನ್ನು ಈ ಮನುಷ್ಯನ್ನ ಊಟಕ್ಕೆ ಕರೀಬೇಕಾದ್ರೂ ಅರ್ಜಿ ಕೊಡ್ಬೇಕಾಗುತ್ತೆ."

ಈ ಪುಟಕ್ಕೆ ಮಾತ್ರ ಹೇಳಬಹುದಾದ ಒಂದು ಸಂಗತಿ. ಬಲಗಣ್ಣಿಗೆ ಪೊರೆ ಬಂದು ವರ್ಷವಾಯಿತು. ವೈದ್ಯರು ತೆಗೆಸಿಕೊಳ್ಳಿ ಎಂದಿದ್ದರು. ಮನೆಯಲ್ಲಿ ಹೇಳಿಲ್ಲ. ಎಡಗಣ್ಣು ನೆಟ್ಟಗಿರುವಾಗ ಗದ್ದಲವೇಕೆ? ಬರಹವನ್ನು ಮಾತ್ರ ಸ್ವಲ್ಪ ದೊಡ್ಡದು ಮಾಡಿಕೊಂಡಿದ್ದೇನೆ. ಪುಟಕ್ಕೆ ಒಂಬತ್ತು ಸಾಲು.

ಅಕ್ಟೋಬರ್ ೪, ಬುಧವಾರ. ತದಿಗೆ

ದೀಪಸ್ತಂಭ. ನೂರ ನಲವತ್ತೆರಡು ಮೆಟ್ಟಿಲು. ಎಣಿಸುತ್ತಲೇ ಏರಿದೆ, ಒಂದೂ ತಪ್ಪಲಿಲ್ಲ. ಮೂವತ್ತು ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ಸಾಲಾಗಿ ಏರಿಸಿದಾಗಲೂ ನೂರ ನಲವತ್ತೆರಡೇ ಇದ್ದವು. ಕಲ್ಲಿಗೂ ನನಗೂ ಒಪ್ಪಂದ ಮುರಿದಿಲ್ಲವೆಂಬ ಸಂತೋಷವಾಯಿತು.

ಮೇಲಿನ ಕಟಕಟೆಗೆ ಒರಗಿ ನಿಂತು ಹೇಳಿಬರೆಯಿಸಿದೆ: "ಇಲ್ಲಿಂದ ಉತ್ತರಕ್ಕೆ ನೋಡಿದರೆ ಕನ್ನಡಿಯ ಚೂರುಗಳನ್ನು ಒಪ್ಪವಾಗಿ ಜೋಡಿಸಿಟ್ಟಂತೆ ಉಪ್ಪಿನ ಗದ್ದೆಗಳು, ದಕ್ಷಿಣಕ್ಕೆ ಬಂಡೆಗಳ ಬೆನ್ನ ಮೇಲೆ ಕುಳಿತ ಮೀನಿನ ಸಂತೆಯ ಕೆಂಪು ಹೆಂಚಿನ ಮಾಡು, ಪಶ್ಚಿಮಕ್ಕೆ, ಮಾತಿಗೆ ನಿಲುಕದ್ದು." ಚಾಲಕಿ ಬರೆದುಕೊಂಡು ಕೇಳಿದಳು: "ಮಾವ, ಪಶ್ಚಿಮಕ್ಕೆ ಸಮುದ್ರ ಅಂತ ಬರೀಲಾ?"

"ಮಾತಿಗೆ ನಿಲುಕದ್ದು ಎಂದೇ ಇರಲಿ."

"ಬಂದೋರು ಹುಡುಕ್ತಾರೆ ಮಾವ."

ಅವಳಿಗೆ ಅಲಂಕಾರದ ರುಚಿ ಇಲ್ಲ. ಕೊನೆಗೆ 'ಸಮುದ್ರ' ಎಂಬ ಮಾತನ್ನು ಸೇರಿಸಲು ಒಪ್ಪಿದೆ.

ಇಂದು ಮಂಜು ಹೆಚ್ಚಾಗಿತ್ತು. ಅಕ್ಟೋಬರಿನಲ್ಲಿ ಹೀಗಾಗುವುದು ಅಪರೂಪ.

ಅಕ್ಟೋಬರ್ ೬, ಶುಕ್ರವಾರ. ಪಂಚಮಿ

ಉಪ್ಪಿನ ಗದ್ದೆಗಳನ್ನೂ ಬಂಡೆಯಡಿಯ ಸಿಹಿನೀರಿನ ಒರತೆಯನ್ನೂ ಮುಗಿಸಿದೆವು. ಈ ಒರತೆ ನನ್ನ ಹೆಮ್ಮೆ. ಹತ್ತು ಹೆಜ್ಜೆಯಾಚೆ ಉಪ್ಪುನೀರು ಬಂಡೆಯನ್ನು ಗುದ್ದುತ್ತಿರುವಾಗ, ಇಲ್ಲಿ ಗವಿಯ ಮೂಲೆಯಲ್ಲಿ ಸಿಹಿನೀರು ಯಾರಿಗೂ ಹೇಳದೆ ಜಿನುಗುತ್ತದೆ. ಮೂವತ್ತೆಂಟು ವರ್ಷಗಳ ಹಿಂದೆ ಇದರ ದಾರಿಯನ್ನು ನಕ್ಷೆಯಲ್ಲಿ ಮೊದಲು ಗುರುತಿಸಿದವನು ನಾನೇ. ಅಂಗೈ ಬಟ್ಟಲಾಗಿಸಿ ಕುಡಿದೆ, ರುಚಿ ಬದಲಾಗಿಲ್ಲ.

ಇಳಿಯುವಾಗ ಚಾಲಕಿ ನನ್ನ ಮುಂದೆ ಮುಂದೆ ಹೋಗುತ್ತ, ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಿದ್ದಳು: "ಇಲ್ಲೊಂದು ಮೆಟ್ಟಿಲು ಸಡಿಲ... ಇಲ್ಲಿ ಪಾಚಿ... ಇಲ್ಲಿ ತಲೆ ತಗ್ಗಿಸ್ಬೇಕು..." ಹೀಗೆ ವಟಗುಟ್ಟುವ ಅಭ್ಯಾಸ ಅವಳಿಗೆ ಯಾವಾಗಿನಿಂದ ಬಂತೋ ತಿಳಿಯದು. ಆದರೂ ಅನುಕೂಲವಾಯಿತು.

ದಡದಲ್ಲಿ ಬೀಗರು ಸಿಕ್ಕಿದರು. ಸೊಸೆಯ ತಂದೆ. ದೋಣಿಯನ್ನು ಬಿಟ್ಟು ಎಲ್ಲಿಗೂ ಕದಲದ ಕಾರಣ ಊರೆಲ್ಲ ಅವರನ್ನು 'ಲಂಗರು' ಎಂದೇ ಕರೆಯುತ್ತದೆ. ಬಲೆ ಹೆಣೆಯುತ್ತಲೇ ಕೂಗಿದರು: "ಬೀಗ್ರೇ, ನಿಮ್ಮ ಪುಸ್ತಕದಲ್ಲಿ ನನ್ನ ಬಾಯೂ ಬರ್ಲಿ! ಒಂದೂ ಹಲ್ಲಿಲ್ಲ, ಗವಿ ಅಂತ ಹಾಕಿ. ಪ್ರವೇಶ ಉಚಿತ!"

"ಗವಿಯೆಂದರೆ ಒಳಗೆ ಪ್ರಶಾಂತತೆ ಇರಬೇಕು ಬೀಗರೇ. ನಿಮ್ಮದು ಸಂತೆಯ ಪಟ್ಟಿಗೆ ಸೇರುತ್ತದೆ," ಎಂದೆ.

ಅವರು ನಕ್ಕ ಸದ್ದಿಗೆ ಹಕ್ಕಿಗಳು ಎದ್ದವು. ಹಕ್ಕಿಗಳು ಕಾಣಲಿಲ್ಲ, ಮಂಜಿತ್ತು.

ಅಕ್ಟೋಬರ್ ೯, ಸೋಮವಾರ. ಅಷ್ಟಮಿ

ಗ್ರಂಥದ ಕಳಸಪ್ರಾಯವಾದ ಅಧ್ಯಾಯವನ್ನು ಇಂದು ಹೇಳಿ ಮುಗಿಸಿದೆ. ದ್ವೀಪದ ದಾರಿ.

ಇದರಲ್ಲಿ ಎರಡು ಭಾಗ. ಒಂದು, ಹೊತ್ತು. ಅಮಾವಾಸ್ಯೆ ಹುಣ್ಣಿಮೆಗಳಂದು ನಮ್ಮ ದಡದಲ್ಲಿ ಬೆಳಗ್ಗೆ ಆರೂವರೆಗೆ ಇಳಿತವು ತಳ ಮುಟ್ಟುತ್ತದೆ. ಅಲ್ಲಿಂದ ದಿನಕ್ಕೆ ಎರಡೆರಡು ಗಳಿಗೆ, ಅಂದರೆ ನಲವತ್ತೆಂಟು ನಿಮಿಷ, ಮುಂದೆ ಸರಿಯುತ್ತದೆ. ತಿಥಿ ತಿಳಿದವನಿಗೆ ಕಡಲಿನ ಗಡಿಯಾರ ತಿಳಿದಂತೆಯೇ. ಹುಣ್ಣಿಮೆ, ಅಮಾವಾಸ್ಯೆಗಳ ಆಚೀಚಿನ ಎರಡು ದಿನ ಮಾತ್ರ ದಾರಿ ಪೂರ್ತಿ ತೆರೆಯುತ್ತದೆ. ಅಷ್ಟಮಿಯ ಇಳಿತ ಅರೆಮನಸ್ಸಿನದು. ಈ ಲೆಕ್ಕವನ್ನು ಕೋಷ್ಟಕವಾಗಿ ಹಾಕಿದ್ದೇನೆ. ಇಂಥ ಕೋಷ್ಟಕ ಯಾವ ಪ್ರವಾಸಿ ಪುಸ್ತಕದಲ್ಲಿಯೂ ಇರಲಾರದು.

ಎರಡು, ದಾರಿ. ದಡದ ಕಪ್ಪು ಬಂಡೆಗೆ ಬೆನ್ನು ಕೊಟ್ಟು ನೇರವಾಗಿ ಮುನ್ನೂರ ಹತ್ತು ಹೆಜ್ಜೆ. ಅಲ್ಲಿ ಬಿಳಿಯ ಕಂಬ. ಅದು ಹಿಂದೊಮ್ಮೆ ಒಡೆದ ಹಡಗಿನ ಹಾಯಿ ಕಟ್ಟುವ ಪಟಸ್ತಂಭ. ಎದೆಮಟ್ಟಕ್ಕೆ ಚಿಪ್ಪುಗಳು ಕಚ್ಚಿ ಒರಟಾಗಿದೆ, ಮೇಲೊಂದು ಕಬ್ಬಿಣದ ಬಳೆ. ಕಂಬ ಮುಟ್ಟಿ ಬಲಕ್ಕೆ ತಿರುಗಿದರೆ ದ್ವೀಪದವರೆಗೂ ಗಟ್ಟಿ ಮರಳು. ಎಡಕ್ಕೆ ಹೋದರೆ ಆಳವಾದ ಕಾಲುವೆ. ಕಂಬವನ್ನು ತಪ್ಪಿಸಿದವನಿಗೆ ದಾರಿಯೇ ತಪ್ಪಿದಂತೆ.

ಕಪ್ಪು ಬಂಡೆಯ ಮೇಲೆ ನಿಂತು, ಕೈಚಾಚಿ ತೋರಿಸುತ್ತ ಹೇಳಿದೆ: "ಬರೆದುಕೋ. 'ದಡದಿಂದಲೇ ಕಾಣುವ ಆ ಧವಳಸ್ತಂಭವು ನೀರಿನ ನಡುವೆ ಕಾವಲುಗಾರನಂತೆ ನಿಂತಿದೆ.'"

ಚಾಲಕಿಯ ಪೆನ್ಸಿಲಿನ ಸದ್ದು ನಿಂತಿತು.

"ಕಂಬ ಕಾಣ್ತಾ ಇದೆಯಾ ಮಾವ?"

"ಕಾಣದೆ ಏನು? ಬೆಳ್ಳಗೆ ನಿಂತಿದೆಯಲ್ಲ. ಮಂಜಿನಲ್ಲಿ ತುಸು ಮಸುಕು."

ಅವಳು ಬಂಡೆಯ ಅಂಚಿನವರೆಗೆ ನಡೆದುಹೋಗಿ ಬಂದ ಸದ್ದಾಯಿತು. ಆಮೇಲೆ "ಸರಿ ಮಾವ, ಬರ್ಕೊಂಡೆ," ಎಂದಳು.

ವಾಕ್ಯದ ಸೊಬಗು ಅವಳನ್ನೂ ತಟ್ಟಿರಬೇಕು.

ಅಕ್ಟೋಬರ್ ೧೩, ಶುಕ್ರವಾರ. ದ್ವಾದಶಿ

ಚಾಲಕಿಯ ಮೇಲೆ ಅಸಮಾಧಾನ. ಶುದ್ಧಪ್ರತಿ ಮಾಡಿಕೊಡಬೇಕಾದವಳು ನಿನ್ನೆಯೂ ಇಂದೂ ಸಂಜೆ ಮನೆಯಲ್ಲಿಲ್ಲ. ಕೇಳಿದರೆ "ಅಪ್ಪನ ದೋಣಿ ಕೆಲಸ ಇದೆ ಮಾವ" ಎಂಬ ಉತ್ತರ. ನಿನ್ನೆ ಮೂರೂಕಾಲಿಗೆ ಹೋದಳು, ಇಂದು ನಾಲ್ಕಕ್ಕೆ. ಎರಡೂ ದಿನ ಇಳಿತವು ತಳ ಮುಟ್ಟುವ ಹೊತ್ತು ಸರಿಯಾಗಿ ಅದೇ. ನನ್ನ ಕೋಷ್ಟಕವಾದರೂ ಅವಳ ತಲೆಗೆ ಹತ್ತಿದೆಯೆಂಬುದೊಂದೇ ಸಮಾಧಾನ.

ಬಂದಾಗ ಸೊಂಟದವರೆಗೆ ಒದ್ದೆಯಂತೆ. ಮನೆಯಾಕೆ ಬಾಗಿಲಲ್ಲೇ ಗದರಿದಳು: "ಏನೇ ಇದು, ಉಗುರಿನ ಸಂದಿಯೆಲ್ಲ ಬಿಳಿ ಬಣ್ಣ! ಗೋಡೆಗೆ ಹಚ್ಚಿದ್ಯೋ ನಿನಗೇ ಹಚ್ಕೊಂಡ್ಯೋ?"

"ದೋಣಿ ಅತ್ತೆ, ದೋಣಿ."

ಬೀಗರ ದೋಣಿ ನನಗೆ ತಿಳಿದಮಟ್ಟಿಗೆ ನೀಲಿ. ಯಾರ್‍ಯಾರ ಅಭಿರುಚಿ ಹೇಗೋ.

ಅಕ್ಟೋಬರ್ ೧೪, ಶನಿವಾರ

ಇಂದೂ ಹೋಗಿದ್ದಳು. ಶುದ್ಧಪ್ರತಿ ಇನ್ನೂ ಅರ್ಧ. ಗ್ರಂಥಕಾರನ ಕಷ್ಟ ಗ್ರಂಥಕಾರನಿಗೇ ಗೊತ್ತು.

ಅಕ್ಟೋಬರ್ ೧೭, ಮಂಗಳವಾರ. ಕೃಷ್ಣಪಕ್ಷದ ಪಾಡ್ಯ

ಇಂದಿನದನ್ನು ಇದ್ದಂತೆಯೇ ಬರೆಯಬೇಕು. ಕೈ ಒಲ್ಲೆನ್ನುತ್ತಿದೆಯಾದರೂ ಬರೆಯುತ್ತೇನೆ.

ಅಚ್ಚಿಗೆ ಹೋಗುವ ಮುನ್ನ ದ್ವೀಪದ ದಾರಿಯನ್ನು ಪುಸ್ತಕದಲ್ಲಿ ಬರೆದಂತೆಯೇ ನಡೆದು ನೋಡಬೇಕೆಂದು ಮೇನೇಜರಮ್ಮ ಹೇಳಿದ್ದರು. ನಿನ್ನೆ ಹುಣ್ಣಿಮೆ, ಹಾಗಾಗಿ ಇಂದು ಏಳು ಗಂಟೆ ಹದಿನೆಂಟು ನಿಮಿಷಕ್ಕೆ ಇಳಿತದ ತಳ. ಏಳಕ್ಕೆ ಕಪ್ಪು ಬಂಡೆಯ ಬಳಿ ನಿಂತೆವು. ನೀರು ಹಿಂದೆ ಸರಿಯುತ್ತಿದ್ದ ಸದ್ದು ಕೇಳುತ್ತಿತ್ತು. ಮೇನೇಜರಮ್ಮ ಗಡಿಯಾರ ನೋಡಿ ಅಂದರು: "ಅಬ್ಬಾ ಮೇಷ್ಟ್ರೇ, ಹೇಳಿ ಮಾಡಿಸಿದ ಹಾಗೆ ದಾರಿ ತೆರೀತಾ ಇದೆ!" ಆ ಕ್ಷಣದಲ್ಲಿ ನನ್ನ ಎದೆ ಎಷ್ಟು ಉಬ್ಬಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ನಾನು ಮುಂದೆ. ಸೊಸೆ ನನ್ನ ಎಡಮೊಣಕೈ ಬಳಿ. ಮೇನೇಜರಮ್ಮ ಹಿಂದೆ. ಎಣಿಸುತ್ತ ನಡೆದೆ. ಕಾಲಡಿಯ ಮರಳು ಗಟ್ಟಿ. ಮುನ್ನೂರ ಹತ್ತು. ನಿಂತೆ. ಪರಿಚಿತನ ಹೆಗಲಿಗೆ ಕೈಹಾಕುವವನಂತೆ ಬಲಗೈ ಚಾಚಿದೆ.

ಗಾಳಿ ಸಿಕ್ಕಿತು.

ಇನ್ನೊಂದು ಹೆಜ್ಜೆ ಇಟ್ಟೆ. ನೀರು ಪಾದದಿಂದ ಮೊಣಕಾಲಿಗೆ ಏರಿತು. ಆಗ ಮೊಣಕೈಯನ್ನು ಮೆಲ್ಲಗೆ ಹಿಡಿದು ಬಲಕ್ಕೆ ತಿರುಗಿಸಿದ ಸೊಸೆ, ನನಗೆ ಮಾತ್ರ ಕೇಳುವಂತೆ, "ಆ ಕಡೆ ಬೇಡ ಮಾವ. ಇತ್ತ ಬನ್ನಿ. ಇನ್ನೂ ಸ್ವಲ್ಪ," ಎಂದಳು. ಮರುಕ್ಷಣವೇ ಹಿಂದಿರುಗಿ ಜೋರಾಗಿ: "ಮೇಡಂ, ಮಾವನ ಹೆಜ್ಜೆ ಈಗ ಸ್ವಲ್ಪ ಚಿಕ್ಕದಾಗಿದೆ. ಅದಕ್ಕೆ ಎಣಿಕೆ ಜಾಸ್ತಿ ಬರುತ್ತೆ."

ಮುನ್ನೂರ ಐವತ್ತೆರಡನೆಯ ಹೆಜ್ಜೆಗೆ ಕಂಬ ಕೈಗೆ ಸಿಕ್ಕಿತು.

ಅದನ್ನು ಹಿಡಿದು ನಿಂತೆ. ನಯವಾಗಿತ್ತು. ಒಂದು ಚಿಪ್ಪೂ ಇಲ್ಲ. ಮೇಲೆ ತಡಕಿದೆ, ಬಳೆ ಇಲ್ಲ. ಮರದ ಹಸಿ ವಾಸನೆ. ಅಂಗೈ ಕೀಳುವಾಗ ಅಂಟಿಕೊಂಡು ಬಂತು. ಮೇನೇಜರಮ್ಮ "ಬೆಳ್ಳಗೆ ಎಷ್ಟು ಚೆನ್ನಾಗಿ ಕಾಣುತ್ತೆ, ಕಾವಲುಗಾರನ ಹಾಗೇ ಇದೆ!" ಎಂದು ನನ್ನ ವಾಕ್ಯವನ್ನು ನನಗೇ ಹೇಳುತ್ತಿದ್ದರು. ನಾನು ತಲೆಯಾಡಿಸಿದೆ. ದ್ವೀಪ ಮುಟ್ಟಿದೆವು, ಮರಳಿದೆವು. ಆಕೆ ಕೈಕುಲುಕಿ ಹೋದರು.

ಮನೆಗೆ ಬಂದಾಗ ಮನೆಯಾಕೆ ಕೇಳಿದಳು: "ಅಂಗೈಯೆಲ್ಲ ಬೆಳ್ಳಗಾಗಿದೆಯಲ್ರೀ, ಏನು ಮುಟ್ಟಿದ್ರಿ?"

ನನಗೆ ಕಂಡಿರಲಿಲ್ಲ. ನನ್ನ ಅಂಗೈ ನನಗೆ ಕಂಡಿರಲಿಲ್ಲ.

ಮಧ್ಯಾಹ್ನ ಅಂಗಳದಲ್ಲಿ ಸೊಸೆ ವ್ಯಾನು ತೊಳೆಯುತ್ತಿದ್ದಳು. ಹತ್ತಿರ ಹೋಗಿ ನಿಂತೆ.

"ಹಳೆಯ ಕಂಬ ಏನಾಯಿತು?"

ಬಕೆಟ್ಟು ಕೆಳಗಿಟ್ಟ ಸದ್ದಾಯಿತು. "ಹೋದ ವರ್ಷದ ಮಳೆಗಾಲದಲ್ಲೇ ಬಿದ್ದು ಕೊಚ್ಚಿಕೊಂಡು ಹೋಯ್ತು ಮಾವ. ಅದಿಲ್ಲದೇ ಇದ್ದದ್ದಕ್ಕೇ ಆ ಇಬ್ಬರು ಅತಿಥಿಗಳು ದಾರಿ ತಪ್ಪಿದ್ದು."

"ಅಂದು ನಾನು ಇದೆಯೆಂದು ಹೇಳಿದಾಗ ಇಲ್ಲವೆಂದು ನೀನೇಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಪುಸ್ತಕಾನೇ ಬಿಟ್ಟುಬಿಡ್ತಿದ್ರಿ. ಕಣ್ಣಾರೆ ಕಂಡದ್ದು ಮಾತ್ರ ಅಂತ ಶಪಥ ಬೇರೆ ಮಾಡಿದ್ರಿ." ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದುತ್ತ ಹೇಳಿದಳು: "ಸುಳ್ಳು ಬರೆದ್ರೆ ಜನ ಮುಳುಗ್ತಾರೆ. ನಿಮ್ಮನ್ನ ಸುಳ್ಳು ಮಾಡೋಕೆ ನನಗೆ ಬಾಯಿ ಬರ್ಲಿಲ್ಲ. ಅಪ್ಪನ್ನ ಕೇಳಿದೆ. 'ಬೀಗ್ರು ಇದೆ ಅಂದಮೇಲೆ ಇರ್ಬೇಕಲ್ಲ ಕಣೇ, ನಡಿ' ಅಂದ್ರು. ಮೂರು ದಿನ ಬೇಕಾಯ್ತು ನಿಲ್ಲಿಸೋಕೆ."

"ನಲವತ್ತೆರಡು ಹೆಜ್ಜೆ ದೂರವೇಕೆ?"

"ಮರಳು ಸರಿದಿದೆ ಮಾವ. ಹಳೇ ಜಾಗದಲ್ಲಿ ಈಗ ಕಾಲುವೆ ಒತ್ತಿಕೊಂಡು ಬಂದಿದೆ, ಎರಡೇ ಹೆಜ್ಜೆ ಮುಂದೆ ಕುತ್ತಿಗೆವರೆಗೂ ನೀರು. ಈಗ ಸುರಕ್ಷಿತ ಎಲ್ಲೋ ಅಲ್ಲೇ ನೆಟ್ಟಿದ್ದೀವಿ. ಶುದ್ಧಪ್ರತೀಲಿ ಆ ಒಂದು ಸಂಖ್ಯೆ ಖಾಲಿ ಬಿಟ್ಟಿದ್ದೆ. ಇವತ್ತು ನಿಮ್ಮ ಬಾಯಿಂದಲೇ ಬರ್ಲಿ ಅಂತ."

ನಾನು ಮಂಜಿನ ಮಾತೆತ್ತಿದೆ. ಅಂದು ದಟ್ಟವಾದ ಮಂಜಿತ್ತೆಂದೆ.

ಅವಳು ಬಟ್ಟೆ ಹಿಂಡಿ ಹರವಿದಳು. ಆಮೇಲೆ ನಿಧಾನವಾಗಿ ಹೇಳಿದಳು: "ಮಾವ, ಈ ತಿಂಗಳಲ್ಲಿ ಮಂಜು ಒಂದು ದಿನವೂ ಬಿದ್ದಿಲ್ಲ."

ಅಕ್ಟೋಬರ್ ೧೮, ಬುಧವಾರ

ಬರೆಯಲು ಮನಸ್ಸಿಲ್ಲ.

ಅಕ್ಟೋಬರ್ ೧೯, ಗುರುವಾರ. ತದಿಗೆ

ಸರ್ವಸಾಕ್ಷಿಯಾದವನ ಮುಂದೆ ಬಚ್ಚಿಡುವುದೇನಿದೆ? ಬೆಳಗಿನ ಪ್ರಾರ್ಥನೆಗೆ ಕುಳಿತಾಗ ದೀಪದ ಕುಡಿಯನ್ನು ನೋಡಿದೆ. ಎಡಗಣ್ಣು ಮುಚ್ಚಿ ನೋಡಿದೆ, ಬಲಗಣ್ಣು ಮುಚ್ಚಿ ನೋಡಿದೆ. ಎರಡರಲ್ಲೂ ಅದು ಒಂದು ಹತ್ತಿಯ ಉಂಡೆ. ಮಂಜು ಎಲ್ಲಿತ್ತೆಂಬುದು ನಿಶ್ಚಯವಾಯಿತು.

ನಿನ್ನೆಯಿಡೀ ಒಂದು ತರ್ಕ ಕಾಡುತ್ತಿತ್ತು. ಕಂಬ ಈಗ ಇದೆ, ಸಂಖ್ಯೆಯನ್ನು ತಿದ್ದಿದರೆ ಗ್ರಂಥ ನಿರ್ದುಷ್ಟ, ಯಾರಿಗೂ ತಿಳಿಯಬೇಕಾಗಿಲ್ಲ. ಆದರೆ ಒಂದು ಕಂಬದ ವಿಷಯದಲ್ಲಿ ಕಾಣದೆ ಕಂಡವನು ಒರತೆಯ ಮೆಟ್ಟಿಲಿನ ವಿಷಯದಲ್ಲಿ, ಗದ್ದೆಯ ದಾರಿಯ ವಿಷಯದಲ್ಲಿ ಏನೇನು ಕಂಡಿರುವನೋ! ಸೊಸೆಯಾದರೂ ಒಬ್ಬಳೇ ಎಷ್ಟು ಕಂಬಗಳನ್ನು ನೆಟ್ಟಾಳು?

ಹತ್ತು ಗಂಟೆಗೆ ಅವಳನ್ನು ಕರೆದು "ವ್ಯಾನು ತೆಗೆ" ಎಂದೆ. ಹೋಟೆಲಿನ ಕಚೇರಿಯಲ್ಲಿ ಮೇನೇಜರಮ್ಮನ ಮೇಜಿನ ಮುಂದೆ ನಿಂತೇ ಹೇಳಿದೆ: "ಅಮ್ಮಾ, ನನಗೆ ಕಣ್ಣು ಕಾಣುವುದಿಲ್ಲ. ಕಂಬವನ್ನು ನಾನು ಕಾಣಲಿಲ್ಲ, ನೆನಪಿನಿಂದ ಹೇಳಿದೆ. ನೆನಪಿನ ಕಂಬ ಬಿದ್ದುಹೋಗಿತ್ತು. ಈಗಿರುವುದನ್ನು ನಿಲ್ಲಿಸಿದವರು ಇವಳೂ ಇವಳ ತಂದೆಯೂ. ಗ್ರಂಥದ ಮೊದಲ ವಾಕ್ಯ ಸುಳ್ಳಾಗಿದೆ. ಅಚ್ಚಿಗೆ ಕಳಿಸಬೇಡಿ."

ನಲವತ್ತು ವರ್ಷ ತರಗತಿಯ ಮುಂದೆ ನಿಂತವನು ನಾನು. ಅಷ್ಟು ಗಟ್ಟಿಯಾಗಿ ಯಾವ ಪಾಠವನ್ನೂ ಒಪ್ಪಿಸಿರಲಿಲ್ಲ.

ಮೇನೇಜರಮ್ಮ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. ಆಮೇಲೆ ಸೊಸೆಯನ್ನು ಕೇಳಿದರು: "ನಿನಗೆ ಎಲ್ಲಾ ಗೊತ್ತಿತ್ತು ಅಲ್ವಾ? ಗೊತ್ತಿದ್ದೂ ಇವರ ಹೆಸರನ್ನೇ ಯಾಕೆ ಹೇಳಿದೆ ನನಗೆ?"

ಅದು ನನಗೆ ಹೊಸ ಸಂಗತಿ. ನನ್ನನ್ನು ಸೂಚಿಸಿದವಳು ಇವಳೇ ಎಂಬುದು ಈವರೆಗೆ ತಿಳಿದಿರಲಿಲ್ಲ.

ಸೊಸೆ ಹೇಳಿದಳು: "ಮೇಡಂ, ಕಂಬ ಎಲ್ಲಿದೆ ಅಂತ ನಾವು ಯಾರು ಬೇಕಾದ್ರೂ ನೋಡಿ ಹೇಳ್ತೀವಿ. ಇಂಥ ತಿಥಿಗೆ ಇಂಥ ನಿಮಿಷಕ್ಕೆ ನೀರು ಇಳಿಯುತ್ತೆ ಅಂತ ಕಣ್ಣು ಮುಚ್ಚಿಕೊಂಡು ಹೇಳೋರು ಇವರೊಬ್ಬರೇ. ನಮ್ಮಪ್ಪ ಅರವತ್ತು ವರ್ಷ ನೀರಲ್ಲಿದ್ದಾರೆ, ಅವರೂ ಇವರನ್ನೇ ಕೇಳಿ ದೋಣಿ ತೆಗೀತಾರೆ. ನಾನೂ ಇವರ ಕೋಷ್ಟಕ ನೋಡಿಕೊಂಡೇ ಕಂಬ ನೆಟ್ಟಿದ್ದು."

ಮೇನೇಜರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಅದು ಸೊಸೆ ಆಮೇಲೆ ಹೇಳಿದ್ದರಿಂದ ತಿಳಿಯಿತು. ಕಡೆಗೆ ಮೇನೇಜರಮ್ಮ "ಅಚ್ಚಿನವರಿಗೆ ನಾಲ್ಕು ದಿನ ತಡೆಯೋಕೆ ಹೇಳ್ತೀನಿ. ಪ್ರತಿ ಜಾಗಕ್ಕೂ ಇನ್ನೊಂದು ಸಲ ಹೋಗಿ. ಇಬ್ಬರೂ," ಎಂದರು.

ಅಕ್ಟೋಬರ್ ೨೨, ಭಾನುವಾರ. ಷಷ್ಠಿ

ಮೂರು ದಿನದಲ್ಲಿ ಎಲ್ಲ ಸ್ಥಳಗಳನ್ನೂ ಮತ್ತೆ ಸುತ್ತಿ ಬಂದೆವು. ಈ ಸಲ ನಾನು ಓದಿಸುವವನು, ಅವಳು ನೋಡುವವಳು. ಅವಳು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಾಳೆ, ತಲೆಯೆತ್ತಿ ನೋಡುತ್ತಾಳೆ, "ಸರಿ" ಅಥವಾ "ಇಲ್ಲ" ಎನ್ನುತ್ತಾಳೆ. ಆ 'ಇಲ್ಲ'ದ ನಿಷ್ಠುರತೆ ನನ್ನ ಗುರುಗಳನ್ನು ನೆನಪಿಗೆ ತಂದಿತು.

ಉಪ್ಪಿನ ಗದ್ದೆಗೆ ಈಗ ತಂತಿಬೇಲಿ ಬಂದಿದೆ; ದಾರಿ ಹಿಂಬದಿಯಿಂದ. ಒರತೆಯ ಮೂರನೆಯ ಮೆಟ್ಟಿಲು ಸಡಿಲ. ಅಂದು ಅವಳ ವಟಗುಟ್ಟುವಿಕೆಯ ಅರ್ಥ ಇಂದು ಆಯಿತು. ಮೀನಿನ ಸಂತೆಯ ಮಾಡು ಕೆಂಪಲ್ಲ, ಹಸಿರು. "ಎಂಟು ವರ್ಷ ಆಯ್ತು ಮಾವ ಬದಲಾಗಿ!" ಒಟ್ಟು ಏಳು ತಿದ್ದುಪಡಿ. ದೀಪಸ್ತಂಭದ ಮೆಟ್ಟಿಲು ನೂರ ನಲವತ್ತೆರಡೇ. ಇಳಿತದ ಕೋಷ್ಟಕವನ್ನು ಹೋಟೆಲಿನವರು ಬಂದರಿನ ಕಚೇರಿಯಿಂದ ತರಿಸಿದ ಪಟ್ಟಿಯೊಡನೆ ತಾಳೆ ನೋಡಿದಳು. ಅತಿ ಹೆಚ್ಚಿನ ವ್ಯತ್ಯಾಸ ಒಂಬತ್ತು ನಿಮಿಷ. ಪಟ್ಟಿಯನ್ನು ಮಡಚಿಟ್ಟು, "ಬಂದರಿನವರ ಯಂತ್ರಕ್ಕೇ ಏನೋ ತೊಂದರೆ ಇರ್ಬೇಕು ಮಾವ," ಎಂದಳು. ನಾನು ಇಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ದೀಪಸ್ತಂಭದ ಮೇಲೆ ನಿಂತಾಗ ಕೇಳಿದೆ: "ಪಶ್ಚಿಮಕ್ಕೆ ಏನಿದೆ, ನೋಡಿ ಹೇಳು."

ಕಟಕಟೆಗೆ ಒರಗಿ ಹೇಳಿದಳು: "ಒಂದು ಹಡಗು ಹೋಗ್ತಾ ಇದೆ ಮಾವ. ತುಂಬ ದೂರ. ನಿಮ್ಮ ಮಗ ಇರೋದಲ್ಲ, ಆದ್ರೂ ನೋಡ್ತಾನೇ ಇರೋಣ ಅನ್ಸುತ್ತೆ. ಅದರಾಚೆ... ಏನಂತ ಹೇಳೋದು, ಹೇಳೋಕೆ ಬರಲ್ಲ."

"ಅದನ್ನೇ ನಾನು ಅಂದು ಬರೆಯಿಸಿದ್ದು."

"ಹೌದಲ್ವಾ!" ಎಂದಳು ಮಗಳು.

ಮೊದಲ ವಾಕ್ಯವನ್ನು ಬದಲಾಯಿಸಿದೆ. "ಇದರಲ್ಲಿರುವ ದಾರಿಗಳನ್ನು ನಾನು ನಡೆದಿದ್ದೇನೆ, ಇದರಲ್ಲಿರುವ ಸಂಗತಿಗಳನ್ನು ನನ್ನ ಮಗಳು ಕಂಡಿದ್ದಾಳೆ." ಅವಳು ಬರೆದುಕೊಳ್ಳುವಾಗ ಪೆನ್ಸಿಲಿನ ಸದ್ದು ಮತ್ತೆ ನಿಂತಿತು. ಏಕೆಂದು ಕೇಳಲಿಲ್ಲ. ವಾಕ್ಯ ಸಮತೂಕವಾಗಿದೆ.

ಅಕ್ಟೋಬರ್ ೨೬, ಗುರುವಾರ

ಪುಸ್ತಕ ಅಚ್ಚಿನಲ್ಲಿದೆ. ಮನೆಯಾಕೆಗೆ ಕಣ್ಣಿನ ಸಂಗತಿ ಹೇಳಿದೆ. "ನನಗೆ ಗೊತ್ತಿಲ್ವಾ? ಒಂದು ವರ್ಷದಿಂದ ನಿಮ್ಮ ತಟ್ಟೆಯಲ್ಲಿ ಉಪ್ಪನ್ನ ಬಲಗಡೆ ಬಿಟ್ಟು ಎಡಗಡೆಗೆ ಹಾಕ್ತಿದ್ದೀನಲ್ಲ, ಸುಮ್ಮನೇನಾ?" ಎಂದಳು. ಈ ಮನೆಯಲ್ಲಿ ಕುರುಡನಾಗಿದ್ದವನು ನಾನೊಬ್ಬನೇ, ಅದೂ ಕಣ್ಣಿನ ದೆಸೆಯಿಂದಲ್ಲ. ನವೆಂಬರ್ ಆರರಂದು ಮೊದಲಿಗೆ ಎಡಗಣ್ಣಿನ ಪೊರೆ ತೆಗೆಯುತ್ತಾರೆ, ಬಲಗಣ್ಣಿನದು ಆಮೇಲೆ. ವ್ಯಾನಿನಲ್ಲಿ ಕರೆದೊಯ್ಯುವವಳು ಮಗಳೇ.

ನವೆಂಬರ್ ೧, ಬುಧವಾರ. ಶುಕ್ಲಪಕ್ಷದ ಪಾಡ್ಯ

ಇಂದು ಹೋಟೆಲಿನ ಅತಿಥಿಗಳ ಮೊದಲ ತಂಡ ಪುಸ್ತಕವನ್ನು ಕೈಯಲ್ಲಿ ಹಿಡಿದು ದ್ವೀಪಕ್ಕೆ ನಡೆಯಿತು. ಹದಿನಾಲ್ಕು ಜನ. ಮುಂದಾಳು ನನ್ನ ಮಗಳು.

ನಾನು ಮನೆಯಾಕೆಯೊಡನೆ ಕಪ್ಪು ಬಂಡೆಯ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಬೀಗರು ದೋಣಿಯನ್ನು ಸಿದ್ಧವಾಗಿಟ್ಟುಕೊಂಡಿದ್ದರು. ಏನಾದರೂ ಆದರೆ ಇರಲಿ ಎಂದು. ಹೊರಡುವ ಮುನ್ನ ಮಗಳು ಅತಿಥಿಗಳ ಮುಂದೆ ನಿಂತು ಹೇಳಿದ ಮಾತು ಎಲ್ಲರಿಗೂ ಕೇಳಿಸಿತು: "ಏಳು ಗಂಟೆ ಹದಿನೆಂಟು ನಿಮಿಷಕ್ಕೆ ನೀರು ತಳ ಮುಟ್ಟುತ್ತೆ. ಎಂಟೂವರೆಯೊಳಗೆ ಎಲ್ರೂ ಈ ಬಂಡೆ ಹತ್ರ ಇರ್ಬೇಕು. ಈ ಲೆಕ್ಕ ಹಾಕಿದೋರು ಅಲ್ಲಿ ಕೂತಿದ್ದಾರೆ ನೋಡಿ, ನಮ್ಮ ಮಾವ. ಇವತ್ತಿನವರೆಗೆ ಸಮುದ್ರ ಇವರ ಮಾತು ಮೀರಿಲ್ಲ."

ಬೀಗರು ಪಿಸುಗುಟ್ಟಿದರು: "ಎದೆ ಸ್ವಲ್ಪ ಒಳಗೆ ತಗೊಳ್ಳಿ ಬೀಗ್ರೇ, ಅಂಗಿ ಗುಂಡಿ ಕಿತ್ತು ನನಗೆ ಬಡಿಯುತ್ತೆ."

"ನಿಮ್ಮ ಮಗಳು ತಾನೇ, ನಿಮ್ಮದೂ ಒಳಗೆ ತೆಗೆದುಕೊಳ್ಳಿ," ಎಂದೆ.

ಅವರು ನಡೆದುಹೋದರು. ಧ್ವನಿಗಳು ಸಣ್ಣವಾದವು. ನನಗೆ ಬೆಳಕೊಂದೇ ಕಾಣುತ್ತಿತ್ತು, ಅದರೊಳಗೆ ಏನೂ ಇಲ್ಲ. ಮುನ್ನೂರ ಐವತ್ತೆರಡನ್ನು ಮನಸ್ಸಿನಲ್ಲೇ ಎಣಿಸತೊಡಗಿದೆ. ಮುನ್ನೂರ ನಲವತ್ತಕ್ಕೆ ಬಂದಾಗ ನೀರಿನ ಮೇಲಿನಿಂದ ಒಂದು ಗಂಟೆಯ ಸದ್ದು ಬಂತು.

"ಏನದು?"

ಬೀಗರು ಹೇಳಿದರು: "ನಿನ್ನೆ ನನ್ನ ಹಳೇ ದೋಣಿ ಗಂಟೆ ಬಿಚ್ಚಿಸ್ಕೊಂಡು ಹೋಗಿ ಕಂಬಕ್ಕೆ ಕಟ್ಟಿದ್ದಾಳೆ. ಕಂಬ ಮುಟ್ಟಿದೋರು ಒಂದು ಸಲ ಬಾರಿಸ್ಬೇಕಂತೆ. ಯಾಕೆ ಅಂದ್ರೆ, 'ಮಂಜಿನ ದಿನಕ್ಕೆ ಅಪ್ಪ' ಅಂದ್ಳು. ಈ ದಡದಲ್ಲಿ ಎಲ್ಲಿಯ ಮಂಜು ಅಂತ ನಾನಂತೂ ಕೇಳ್ಲಿಲ್ಲ."

ಎಣಿಸಿದೆ. ಎರಡು, ಮೂರು... ಹತ್ತು... ಹದಿಮೂರು, ಹದಿನಾಲ್ಕು. ಅತಿಥಿಗಳೆಲ್ಲ ಕಂಬ ದಾಟಿ ಗಟ್ಟಿ ಮರಳಿಗೆ ತಿರುಗಿದರು. ಆಮೇಲೆ ಸ್ವಲ್ಪ ಹೊತ್ತು ಬರೀ ನೀರು. ಮನೆಯಾಕೆ ನನ್ನ ಕೈ ಹಿಡಿದುಕೊಂಡಳು. ಹದಿನೈದನೆಯದು ಬಂತು: ಬಲವಾಗಿ, ಅವಸರವಿಲ್ಲದೆ, ವ್ಯಾನಿನ ಹಾರ್ನು ಹಾಕುವವಳ ಕೈಯೇ ಎಂದು ಎಲ್ಲಿದ್ದರೂ ಗುರುತಿಸಬಹುದಾದಂತೆ.

ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಹದಿನೈದು ಜನವೂ ಬಂಡೆಯ ಬಳಿ ಇದ್ದರು.

ಆ ಕಂಬದ ಮರವನ್ನು ಕಡಿದವರ ಕೈಗೂ ನೆಟ್ಟವರ ಕೈಗೂ ಆಯುಸ್ಸಿರಲಿ. ಅರವತ್ತು ವರ್ಷ ನೀರನ್ನು ನಂಬಿದ ಬೀಗರ ದೋಣಿ ಎಂದೂ ಬರಿದಾಗದಿರಲಿ, ಅವರ ನಗೆಗೆ ಹಲ್ಲಿನ ಅಗತ್ಯ ಬೀಳದಿರಲಿ. ನಂಬಿ ನಾಲ್ಕು ದಿನ ತಡೆದ ಮೇನೇಜರಮ್ಮನ ಮನೆ ಬೆಳಗಲಿ. ತಟ್ಟೆಯ ಉಪ್ಪನ್ನು ಮೌನವಾಗಿ ಎಡಕ್ಕೆ ಸರಿಸಿದವಳು ನನಗಿಂತ ದೀರ್ಘಕಾಲ ಸುಖವಾಗಿ ಬಾಳಲಿ. ಹಡಗಿನಲ್ಲಿರುವ ಮಗನು ಕ್ಷೇಮವಾಗಿ ದಡ ಸೇರಲಿ. ಈ ಪುಸ್ತಕ ಹಿಡಿದು ಬರುವ ಪ್ರತಿಯೊಬ್ಬ ಅಪರಿಚಿತನ ಹೆಜ್ಜೆಯಡಿ ಮರಳು ಗಟ್ಟಿಯಾಗಿರಲಿ. ಮತ್ತು ನನ್ನ ಮಗಳು ಎಲ್ಲಿ ನಿಂತು ಗಂಟೆ ಬಾರಿಸಿದರೂ, ದಡದಲ್ಲಿ ಕಿವಿಗೊಟ್ಟು ಎಣಿಸುವವರೊಬ್ಬರು ಇರಲಿ.

ತಥಾಸ್ತು.